ಹಳದಿ ದಾರದ ಸಾಲು

ಕ್ರೇಗಿಬರ್ನ್, ಮೆಲ್ಬರ್ನ್
೧೧ ಫೆಬ್ರುವರಿ ೨೦೨೪

ಅಕ್ಕಾ,

ಮಂಗಳವಾರ ಒಬ್ಬನ ಹಲ್ಲು ಉದುರಿಸುವುದರಲ್ಲಿದ್ದೆ. ಉದುರಿಸಲಿಲ್ಲ. ಮೊದಲು ಶಭಾಶ್ ಅನ್ನು, ಬೈಗುಳ ಆಮೇಲೆ ಇರಲಿ.

ನಮ್ಮ ಕಂಪನಿ ಲೈಸೆನ್ಸ್ ಪಡೆದು ಔಷಧಕ್ಕಾಗಿ ಗಾಂಜಾ ಬೆಳೆಯುತ್ತದೆ. ಧಾರವಾಡದಲ್ಲಿ ಯಾರಾದರೂ ಕೇಳಿದರೆ ನೀನು ‘ವಿಜಯ ಹೂವಿನ ಕಂಪನಿಯಲ್ಲಿದ್ದಾನೆ’ ಎಂದು ಜಾರಿಕೊಳ್ಳುತ್ತೀ, ನನಗೆ ಗೊತ್ತು. ಇಲ್ಲಿ ಎಲ್ಲ ಗಿಡಕ್ಕೂ ರಾಸಾಯನಿಕ ಗೊಬ್ಬರ, ನೀರಿನಲ್ಲಿ ಕರಗಿಸಿ ಪೈಪಿನಲ್ಲಿ ಬಿಡುವುದು. ಆರು ತಿಂಗಳು ಮ್ಯಾನೇಜರನ ಬೆನ್ನು ಹತ್ತಿ ನಾನು ಒಂದೇ ಒಂದು ಸಾಲನ್ನು ಸಾವಯವಕ್ಕೆ ಬಿಡಿಸಿಕೊಂಡಿದ್ದೇನೆ. ಕಾಂಪೋಸ್ಟು, ಎರೆಗೊಬ್ಬರ, ಮೇಲೆ ನಮ್ಮ ಜೀವಾಮೃತ. ಸಗಣಿ, ಗಂಜಲ ಹತ್ತಿರದ ಡೈರಿಯದು. ಬೆಲ್ಲ, ಕಡಲೆಹಿಟ್ಟು ಇಂಡಿಯನ್ ಅಂಗಡಿಯದು. ಗೊಬ್ಬರ ಬದಲಾದರೆ ಹೂವಿನ ಪರಿಮಳ, ರುಚಿ ಬದಲಾಗುತ್ತದೆಯೇ ಎಂಬುದೇ ಪ್ರಶ್ನೆ. ಪರಿಮಳ ತಳಿಯ ಗುಣ, ಗೊಬ್ಬರಕ್ಕೂ ಅದಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ ಇವರು. ಇದೆ ಎಂದು ನಾನು ತೋರಿಸಿದರೆ ಮುಂದಿನ ವರ್ಷ ಇಡೀ ಶೆಡ್ ನನ್ನ ಕೈಗೆ, ಇಲ್ಲೇ ಕಾಯಂ ನೆಲೆಸಲು ಬೇಕಾದ ನನ್ನ ಪಿಆರ್‌ಗೂ ಕಂಪನಿಯೇ ಸ್ಪಾನ್ಸರ್.

ಅಂಥ ಜೀವಾಮೃತದ ಡ್ರಮ್ಮನ್ನು ಒಬ್ಬ ಎಲೆಕ್ಟ್ರಿಷಿಯನ್ ನಗುತ್ತ ಕಾಲಿನಿಂದ ಒದ್ದು ಕೆಡವಿದ. ಅವನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದೆ. ಮುಖ ಕೆಂಪಾಗಿ ನೀಲಿಗೆ ತಿರುಗುವವರೆಗೆ ಬಿಡಲಿಲ್ಲ. ಅಭಿನವ ಹಿಂದಿನಿಂದ ಬಂದು ತಬ್ಬಿ ಎಳೆದ. “ಏ ವಿಜ್ಯಾ, ಬಿಡಲೇ! ಸಗಣಿ ಮತ್ತ ಸಿಗ್ತೈತಿ, ನೌಕರಿ ಸಿಗೂದಿಲ್ಲ!” ಅಭಿನವ ಬೆಳಗಾವಿಯವನು. ಇಲ್ಲಿ ಕನ್ನಡದವರು ನಾವಿಬ್ಬರೇ. ಅದೇ ತಳಿಯ ಎದುರಿನ ರಾಸಾಯನಿಕ ಸಾಲು ಅವನದು, ಅಂದರೆ ನನ್ನ ಪ್ರತಿಸ್ಪರ್ಧಿ.

ಪ್ರಣತಿ, ನಿನ್ನ ಅಮ್ಮ ಇದನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದುತ್ತಿದ್ದಾಳೆಂದು ಗೊತ್ತು. ನಿನ್ನ ಕಿವಿಗೆ ಕನ್ನಡ ಬೀಳಲಿ ಎಂದೇ ನನ್ನಿಂದ ಪತ್ರ ಬರೆಸುತ್ತಾಳೆ. ಆದ್ದರಿಂದ ನಿನಗಾಗಿ ಒಂದು ವರ್ಣನೆ. ನಮ್ಮ ಶೆಡ್ ಎಲ್ಲಿದೆ ಎಂದು ಯಾರಿಗೂ ಹೇಳಬಾರದೆಂದು ಸಹಿ ಮಾಡಿಸಿಕೊಂಡಿದ್ದಾರೆ, ಹೇಳುವುದಿಲ್ಲ. ಆದರೆ ದಾರಿ ಮಾತ್ರ ಚೆಂದ. ಊರಿನ ಉತ್ತರಕ್ಕೆ ಕುದುರೆ ಫಾರ್ಮ್, ಅದನ್ನು ದಾಟಿದರೆ ಕೆಟ್ಟು ನಿಂತ ಮೂರು ಗಾಳಿಯಂತ್ರ, ಮುಂದೆ ಹಿಂಬದಿಯ ಗೇಟು, ಬಿಳಿ ಶೆಡ್. ಒಳಗೆ ಎಡಗೋಡೆಯ ಸಾಲು ನಿನ್ನ ಮಾಮಾನದು. ಗುರುತಿಗೆ ಪ್ರತಿ ಗಿಡಕ್ಕೂ ಅರಿಶಿನ ಹಚ್ಚಿದ ಹಳದಿ ದಾರ ಕಟ್ಟಿದ್ದೇನೆ, ಕಂಕಣ ಕಟ್ಟಿದ ಹಾಗೆ.

ಭಾವನಿಗೆ ನಮಸ್ಕಾರ.
ವಿಜಯ


ಪೆಂಡಲ್ ಹಿಲ್, ಸಿಡ್ನಿ
೨೫ ಫೆಬ್ರುವರಿ ೨೦೨೪

ವಿಜಯಾ,

ಅಕ್ಷರ ಸೊಟ್ಟಗಿದ್ದರೆ ನಗಬೇಡ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಉಳುಕಿದೆ.

ಶಭಾಶ್ ಅನ್ನುವುದಿಲ್ಲ. ನಿನ್ನದು ಯಾವಾಗಲೂ ಕೈ ಮುಂದು, ಬುದ್ಧಿ ಹಿಂದು. ಏಳನೇ ಇಯತ್ತೆಯಲ್ಲಿ ನಮ್ಮ ಪೇರಲ ಹಣ್ಣು ಕದ್ದನೆಂದು ಶಿವಬಸಪ್ಪನ ಹಣೆಗೆ ಕಲ್ಲು ಒಗೆದೆಯಲ್ಲ, ನೆನಪಿದೆಯೇ? ಪಾಪದ ಹುಡುಗ ಕದ್ದಿರಲೇ ಇಲ್ಲ. ಏಳು ಹೊಲಿಗೆ ಬಿದ್ದವು. ಅವ್ವ ಅವತ್ತು ಹೇಳಿದ್ದನ್ನೇ ಹೇಳುತ್ತೇನೆ: ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ಪತ್ರ ಓದಿದೆ. ಸಗಣಿಯ ಮಾತಿಗೆ ಪ್ರಣತಿ “ಛೀ, ಗ್ರೋಸ್!” ಎಂದು ಮೂಗು ಮುಚ್ಚಿಕೊಂಡಳು, ಆದರೆ ಪೂರ್ತಿ ಕೇಳಿದಳು. ಆಶ್ಚರ್ಯವೆಂದರೆ ನಿನ್ನ ಭಾವ. ಊಟಕ್ಕೆ ಕುಳಿತರೆ ಫೋನಿನಿಂದ ತಲೆ ಎತ್ತದವರು ಅದನ್ನು ಪಕ್ಕಕ್ಕಿಟ್ಟು, “ಆ ಸಾಲಿಂದು ಇನ್ನೊಂದ್ಸಲ ಓದೇ” ಎಂದರು. ಸಾವಯವ ಗಾಂಜಾ ಎಂದರೆ ಜನ ಮುಗಿಬೀಳುತ್ತಾರಂತೆ, ಇಂಡೋರ್ ಕ್ರಿಕೆಟ್ಟಿನ ಗೆಳೆಯರು ಹೇಳಿದ್ದಂತೆ. ತವರಿನವರ ಕೆಲಸದ ಬಗ್ಗೆ ಅವರು ಇಷ್ಟು ಕೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವತ್ತು ಶಾವಿಗೆ ಪಾಯಸ ಮಾಡಿದೆ. ಇನ್ನೂ ವಿವರವಾಗಿ ಬರೆ.

ನಿನ್ನ ಅಕ್ಕ,
ರುದ್ರಾಣಿ


ಕ್ರೇಗಿಬರ್ನ್
೧೭ ಮಾರ್ಚ್ ೨೦೨೪

ಅಕ್ಕಾ,

ಗೆದ್ದೆ!

ಕಟಾವಾಯಿತು. ಮೊನ್ನೆ ಮ್ಯಾನೇಜರ್ ಹನ್ನೆರಡು ಬಾಟಲಿಯಲ್ಲಿ ಎರಡೂ ಸಾಲಿನ ಹೂವು ಹಾಕಿಟ್ಟು, ಎಂಟು ಜನರ ಕಣ್ಣಿಗೆ ಬಟ್ಟೆ ಕಟ್ಟಿ, ಮೂಸಿ ಯಾವುದು ಯಾವ ಸಾಲಿನದೆಂದು ಹೇಳಿಸಿದ. ರುಚಿ ನೋಡುವ ಹಕ್ಕು ನಮಗಿಲ್ಲ. ಆದರೆ ರುಚಿಯೆಂದರೆ ಮುಕ್ಕಾಲು ಪಾಲು ಮೂಗಿನದೇ. ಅಭಿನವ ಐದು ಸರಿ ಹೇಳಿದ. ನಾನು ಹನ್ನೆರಡಕ್ಕೆ ಹನ್ನೆರಡು. ಅವನ ಸಾಲು ಕೊಯ್ದ ಹುಲ್ಲಿನ ಹಾಗೆ, ಹಿಂದೆ ತುಸು ಸೀಮೆಎಣ್ಣೆ. ನನ್ನದು ಮೊದಲು ಮಾಗಿದ ಪೇರಲ, ಆಮೇಲೆ ಆಗಷ್ಟೇ ಕುಟ್ಟಿದ ಕರಿಮೆಣಸು. ಒಮ್ಮೆ ಮೂಸಿದವರು ಮರೆಯುವುದಿಲ್ಲ. “ನಿಂದು ಮೂಗಲ್ಲಲೇ, ನಾಯಿ ಐತಿ ಒಳಗ” ಎಂದ ಅಭಿನವ. ನಕ್ಕ, ಆದರೆ ಮುಖ ಸಣ್ಣದಾಗಿತ್ತು. ಆಗಲಿ ಬಿಡು.

ಮ್ಯಾನೇಜರನಿಗೆ ಮೂಗು ಸಾಲದಂತೆ, ಮಾದರಿಯನ್ನು ಲ್ಯಾಬಿಗೆ ಕಳಿಸಿದ್ದಾನೆ. ಅಲ್ಲಿಯವರೆಗೆ ಗಿಡಗಳೆಲ್ಲ ಅದೇ ಶೆಡ್ಡಿನಲ್ಲಿ ತಲೆಕೆಳಗಾಗಿ ಒಣಗುತ್ತವೆ, ಹಳದಿ ದಾರ ಹಾಗೇ ಇದೆ. ಈಸ್ಟರ್ ರಜೆಗೆ ಎಲ್ಲರೂ ಹೊರಟಿದ್ದಾರೆ. ಶನಿವಾರ ಮಧ್ಯಾಹ್ನ ನೋಡಿಕೊಳ್ಳಲು ನಾನೊಬ್ಬನೇ, ನನ್ನ ಪರಿಮಳದ ಜೊತೆ ರಾಜನ ಹಾಗೆ ಇರುತ್ತೇನೆ. ಭಾವನಿಗೆ ಹೇಳು, ಅವರ ಗೆಳೆಯರ ಮಾತು ನಿಜ.

ಬಚ್ಚಲಲ್ಲಿ ಕುಣಿಯಬೇಡ. ಹೋದ ವರ್ಷವೂ ನೀನು ಬಿದ್ದಿದ್ದೆ.
ವಿಜಯ


ಕ್ರೇಗಿಬರ್ನ್
೧೪ ಏಪ್ರಿಲ್ ೨೦೨೪

ಅಕ್ಕಾ,

ದವಡೆಯನ್ನು ತಂತಿಯಿಂದ ಬಿಗಿದಿದ್ದಾರೆ, ಫೋನಿನಲ್ಲಿ ನನಗೆ ಮಾತಾಡಲಾಗುವುದಿಲ್ಲ. ನೀನು ಫೋನಿನಲ್ಲಿ ಅತ್ತದ್ದು ಕೇಳಿಸಿತು. ಭಾವ ಆ ವಾರ ಮೀನು ಹಿಡಿಯಲು ಹೋಗದೆ ಮನೆಯಲ್ಲಿದ್ದಿದ್ದರೆ ನಿನ್ನನ್ನು ಕರೆತರುತ್ತಿದ್ದರು. ಇರಲಿ.

ನಡೆದದ್ದು ಹೇಳುತ್ತೇನೆ. ಶನಿವಾರ ಒಂದು ಗಂಟೆ. ಫ್ಯಾನುಗಳ ಗದ್ದಲದಲ್ಲಿ ಹಿಂಬದಿ ಗೇಟಿನ ಸರಪಳಿ ತುಂಡಾದದ್ದು ಕೇಳಲಿಲ್ಲ. ಮುಖವಾಡ ಹಾಕಿದ ಇಬ್ಬರು ಎದುರಿಗೆ ಬಂದರು. ಒಬ್ಬನ ಕೈಯಲ್ಲಿ ಚಾಕು. ಬುದ್ಧಿ ಇದ್ದವನು ಕೈ ಎತ್ತಿ ನಿಲ್ಲುತ್ತಿದ್ದ. ನಾನು ಗಿಡ ಕತ್ತರಿಸುವ ಕತ್ತರಿಯನ್ನು ಅವನ ತೊಡೆಗೆ ಇಳಿಸಿದೆ, ಹಿಡಿಯವರೆಗೆ. ರಕ್ತ ಬಿಸಿಯಾಗಿ ನನ್ನ ಮೊಣಕೈತನಕ ಬಂತು. ಅವನು ಕಿರುಚಿದ್ದು ನನಗೆ ಇಷ್ಟವಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ಹಿಂದಿನಿಂದ ಮೂರನೆಯವನ ದನಿ. ಯಾರಿಗೂ ಅಲ್ಲ, ತನಗೆ ತಾನೇ ಗೊಣಗಿಕೊಂಡಂತೆ, ಬಟ್ಟೆ ಮುಚ್ಚಿದ ಬಾಯಿಂದ: “ಹಳದಿ ದಾರ... ಎಲ್ಲಿ ಹಳದಿ ದಾರ...” ಕನ್ನಡದಲ್ಲಿ ಅಕ್ಕಾ! ತಿರುಗಬೇಕೆನ್ನುವಷ್ಟರಲ್ಲಿ ಕಬ್ಬಿಣದ ಸಲಾಕೆ ತಲೆಯ ಹಿಂಭಾಗಕ್ಕೆ ಬಿತ್ತು. ನೆಲಕ್ಕೆ ಬಿದ್ದ ಮೇಲೂ ಹೊಡೆದ. ಎರಡನೆಯದು ದವಡೆಗೆ. ನನ್ನ ಹಲ್ಲು ನನ್ನ ಗಂಟಲಿಗೇ ಸಿಕ್ಕಿಕೊಂಡಿತು. ಮೂರನೆಯದು ನೆನಪಿಲ್ಲ.

ಒಯ್ದದ್ದು ನನ್ನ ಸಾಲೊಂದನ್ನೇ. ಅಭಿನವನ ಸಾಲಿನ ಒಂದು ಎಲೆಯನ್ನೂ ಮುಟ್ಟಿಲ್ಲ. ಹಾಗಾಗಿ ಒಳಗಿನವರ ಕೈವಾಡ ಎನ್ನುತ್ತಾರೆ ಪೊಲೀಸರು, ಹೇಳುವಾಗ ನನ್ನನ್ನೇ ನೋಡುತ್ತಾರೆ. ತನಿಖೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದಿದೆ ಕಂಪನಿ. ಕೆಲಸ ಹೋದರೆ ವೀಸಾ ಹೋಯಿತು.

ಎಲ್ಲಕ್ಕಿಂತ ಕೆಟ್ಟದ್ದು ಕೊನೆಗೆ ಹೇಳುತ್ತೇನೆ. ನನಗೆ ವಾಸನೆ ಬರುವುದಿಲ್ಲ. ಕಾಫಿ ಇಲ್ಲ, ಮೆಂತ್ಯ ಇಲ್ಲ, ಸೀಮೆಎಣ್ಣೆ ಇಲ್ಲ. ತಲೆಗೆ ಬಿದ್ದ ಪೆಟ್ಟಿನಿಂದ ಮೂಗಿನ ನರ ಹರಿದಿದೆ, ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ನನ್ನ ಬದುಕು ಆ ಮೂಗಿನ ಮೇಲೆ ನಿಂತಿತ್ತು. ಹೊಡೆದವನು ಯಾರೆಂದು ಗೊತ್ತಾದ ದಿನ ಅವನ ಕೈಯೆರಡನ್ನೂ ಜಜ್ಜುತ್ತೇನೆ.

ವಿಜಯ


ಪೆಂಡಲ್ ಹಿಲ್
೨೮ ಏಪ್ರಿಲ್ ೨೦೨೪

ವಿಜಯಾ,

ಪತ್ರ ಎಂದಿನಂತೆ ಊಟದ ಹೊತ್ತಿಗೆ ಓದಿದೆ. ಪ್ರಣತಿ ಅರ್ಧಕ್ಕೇ ಎದ್ದುಹೋಗಿ ಬಾಗಿಲು ಹಾಕಿಕೊಂಡಳು. ಇವರು ಇನ್ನೊಂದಿಷ್ಟು ಮೊಸರು ಹಾಕಿಸಿಕೊಂಡರು. ಇನ್ನು ಮೇಲೆ ಇಂಥವನ್ನೆಲ್ಲ ಮಗುವಿನ ಮುಂದೆ ಓದಬೇಡ ಎಂದರು. ಅದೂ ಸರಿಯೇ.

ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ. ದವಡೆ ಬಿಚ್ಚಿದ ಮೇಲೆ ಗಂಜಿಗೆ ಕಲಸಿಕೊ.

ಒಂದು ಕೇಳುತ್ತೇನೆ, ಸುಮ್ಮನೆ. ನಿನ್ನ ಸಾಲಿನ ವಾಸನೆ ನಿಜವಾಗಿಯೂ ಬೇರೆಯೇ? ಮೂಗಿನ ಮಾತು ಬಿಡು, ಲ್ಯಾಬಿನವರು ಏನಂದರು? ಬೇರೆ ಎಲ್ಲೋ ಬೆಳೆದ ಗಾಂಜಾಕ್ಕೂ ಪೇರಲ, ಮೆಣಸು ಎರಡೂ ಸೇರಿದ ವಾಸನೆ ಇರಬಹುದಲ್ಲವೇ? ಪರಿಚಯದವರೊಬ್ಬರ ಕಾರಿನ ಡಿಕ್ಕಿಯಲ್ಲಿ ಏನೋ ವಾಸನೆ ಹಿಡಿದು ಬಿಡುತ್ತಿಲ್ಲ, ಅದಕ್ಕೆ ಕೇಳಿದೆ. ಬೇಗ ಉತ್ತರ ಬರೆ. ಬರೆಯುವಾಗ ಸರಿಯಾಗಿ ತಿಳಿದುಕೊಂಡು ಬರೆ.

ಕೈ ಜಜ್ಜುವ ಮಾತು ಆಡಬೇಡ.

ಅಕ್ಕ


ಕ್ರೇಗಿಬರ್ನ್
೧೨ ಮೇ ೨೦೨೪

ಅಕ್ಕಾ,

ಲ್ಯಾಬಿನ ರಿಪೋರ್ಟ್ ಬಂದು ವಾರವಾಯಿತು. ಎರಡೂ ಸಾಲಿಗೆ ವ್ಯತ್ಯಾಸವಿಲ್ಲ. ಗೊಬ್ಬರದಿಂದ ಏನೂ ಆಗುವುದಿಲ್ಲ, ನಾನು ಮೂರ್ಖ. ನಿನ್ನ ಪರಿಚಯದವರ ಕಾರಿನ ವಾಸನೆ ಯಾವ ಗಾಂಜಾದ್ದೂ ಇರಬಹುದು. ಅಡುಗೆ ಸೋಡಾ ಉದುರಿಸಿ ಎರಡು ದಿನ ಬಿಡಲು ಹೇಳು. ಇನ್ನು ಮೇಲೆ ನನ್ನ ಹತ್ತಿರ ವಾಸನೆಯ ಮಾತು ಎತ್ತಬೇಡ.

ಚಟ್ನಿಪುಡಿ ತಿಂದೆ. ಬರೀ ಉಪ್ಪು, ಖಾರ. ನೀನು ಮಾಡಿದ್ದೋ, ಅಂಗಡಿಯದೋ, ಮರಳೋ ಗೊತ್ತಾಗಲಿಲ್ಲ. ಡಬ್ಬಿಯನ್ನು ಗೋಡೆಗೆ ಎಸೆದೆ. ಕ್ಷಮಿಸು.

ಹಾಸಿಗೆಯಲ್ಲಿ ಬಿದ್ದುಕೊಂಡು ಒಂದೇ ಯೋಚನೆ. ಅವನು ಕನ್ನಡದವನು. ಹಳದಿ ದಾರ ಗೊತ್ತಿದ್ದವನು. ಶನಿವಾರ ನಾನೊಬ್ಬನೇ ಇರುವುದು ಗೊತ್ತಿದ್ದವನು. ಎಲ್ಲರ ಮುಂದೆ ನನಗೆ ಸೋತವನು. ನನ್ನನ್ನು ಮೊದಲು ಕಂಡವನೂ ಅಭಿನವನೇ. ರಜೆಯ ದಿನ ಅವನಿಗೆ ಅಲ್ಲೇನು ಕೆಲಸ? ಟಿಫಿನ್ ಡಬ್ಬಿ ಮರೆತಿದ್ದನಂತೆ! ತನ್ನ ಅಂಗಿ ಬಿಚ್ಚಿ ನನ್ನ ತಲೆಗೆ ಒತ್ತಿ ಹಿಡಿದನಂತೆ. ಮೈಮೇಲಿನ ರಕ್ತಕ್ಕೆ ಕಾರಣ ಬೇಕಲ್ಲ.

ಇದನ್ನು ಪೊಲೀಸರಿಗೆ ಹೇಳಿಲ್ಲ. ಸಾಕ್ಷಿ ಕೇಳುತ್ತಾರೆ.

ವಿಜಯ


ಪೆಂಡಲ್ ಹಿಲ್
೨೦ ಮೇ ೨೦೨೪

ವಿಜಯಾ,

ವ್ಯತ್ಯಾಸವಿಲ್ಲ ಎಂದು ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ನಿನಗೆ ಎಷ್ಟು ದುಃಖವಾಗಿದೆಯೆಂದು ಗೊತ್ತಿದ್ದೂ ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಯಾಕೆಂದು ಕೇಳಬೇಡ. ಆ ದಿನ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಅಭಿನವನ ಮೇಲೆ ಸಂಶಯ ಬೇಡ. ಗೊತ್ತಿಲ್ಲದೆ ಯಾರ ಮೇಲೂ ಹೊರಿಸಬಾರದು. ಯಾರೋ ಕಳ್ಳರು, ಬಂದರು, ಹೋದರು. ಜೀವ ಉಳಿಯಿತಲ್ಲ. ಬಿಟ್ಟುಬಿಡು, ನನಗಾಗಿ.

ಅಕ್ಕ


ಪೆಂಡಲ್ ಹಿಲ್
೬ ಜೂನ್ ೨೦೨೪

ವಿಜಯಾ,

ಪಕ್ಕದ ಬೀದಿಯ ಮಹಾಶ್ವೇತಾ ಆಂಟಿಯ ಮನೆಯಿಂದ ಬರೆಯುತ್ತಿದ್ದೇನೆ. ನನ್ನ ಫೋನನ್ನು ನಿನ್ನ ಭಾವ ಗುರುದತ್ತ ನೆಲಕ್ಕೆ ಅಪ್ಪಳಿಸಿ ಒಡೆದ. ಆಂಟಿಯ ಫೋನಿನಿಂದ ನಿನಗೆ ಐದು ಸಲ ಮಾಡಿದೆ. ಗೊತ್ತಿಲ್ಲದ ನಂಬರನ್ನು ನೀನು ಎತ್ತುವುದಿಲ್ಲ. ನಾಳೆ, ನಾಡಿದ್ದೂ ಮಾಡುತ್ತೇನೆ.

ನಿನ್ನನ್ನು ಹೊಡೆದವನು ನನ್ನ ಗಂಡ.

ಈಸ್ಟರಿನಲ್ಲಿ ಅವನು ಮೀನು ಹಿಡಿಯಲು ಹೋಗಿರಲಿಲ್ಲ. ಸೋಮವಾರ ವಾಪಸು ಬಂದಾಗ ಕಾರಿನ ಡಿಕ್ಕಿ ತೆರೆದೆ. ಪೇರಲ ಹಣ್ಣು, ಕುಟ್ಟಿದ ಮೆಣಸು. ನೀನು ಬರೆದ ಹಾಗೇ, ಅದೇ ಕ್ರಮದಲ್ಲಿ. ಅವತ್ತೇ ನನಗೆ ಗೊತ್ತಾಯಿತು, ಗೊತ್ತಾದದ್ದನ್ನು ಗೊತ್ತಿಲ್ಲ ಎಂದುಕೊಂಡೆ. ನೀನು ವ್ಯತ್ಯಾಸವಿಲ್ಲ ಎಂದು ಬರೆದಾಗ ಆ ಸಾಲನ್ನು ದೇವರ ಪ್ರಸಾದದ ಹಾಗೆ ಹಿಡಿದುಕೊಂಡೆ. ನಿನ್ನ ಫೆಬ್ರುವರಿಯ ಪತ್ರ ನನ್ನ ಪೆಟ್ಟಿಗೆಯಲ್ಲಿತ್ತು. ಗಾಳಿಯಂತ್ರ, ಹಿಂಬದಿ ಗೇಟು, ಎಡಗೋಡೆ, ಇಷ್ಟರ ಕೆಳಗೂ ಪೆನ್ಸಿಲಿನಲ್ಲಿ ಗೆರೆ ಎಳೆದಿದೆ. ಅದನ್ನೂ ನೋಡಿ ಮಡಿಸಿಟ್ಟೆ.

ಮೊನ್ನೆ ಪ್ರಣತಿ ನೆಟ್‌ಬಾಲ್ ಚೀಲ ಇಡಲು ಹೋದಾಗ ಡಿಕ್ಕಿಯ ಮೂಲೆಯಲ್ಲಿ ಗಂಟು ಹಾಕಿದ ಒಂದು ಹಳದಿ ದಾರ ಸಿಕ್ಕಿತು. ದಾರದ ಪತ್ರ ನಾನು ಓದಿದಾಗ ಅವಳು ಪೂರ್ತಿ ಕೇಳಿದ್ದಳು. ಊಟದ ಮೇಜಿನ ಮೇಲೆ ಅದನ್ನಿಟ್ಟು, “ಡ್ಯಾಡ್, ಈಸ್ ದಿಸ್ ಫ್ರಮ್ ಮಾಮಾಸ್ ಪ್ಲಾಂಟ್ಸ್?” ಎಂದಳು. ಅವನು ಅವಳ ಕೆನ್ನೆಗೆ ಹೊಡೆದ. ಕುರ್ಚಿಯ ಸಮೇತ ಬಿದ್ದಳು.

ಅವನು ನನಗೆ ಹೊಡೆಯುವುದು ನಿನಗೆ ಗೊತ್ತಿಲ್ಲದ ಹಳೆಯ ಕಥೆ. ನಮ್ಮ ಬಚ್ಚಲು ಜಾರುವುದಿಲ್ಲ, ವಿಜಯಾ. ಆದರೆ ಅವಳ ಮೇಲೆ ಕೈ ಮಾಡಿದ್ದು ಅದೇ ಮೊದಲು. ನಾನು ಲಟ್ಟಣಿಗೆ ತೆಗೆದುಕೊಂಡು ಅವನ ಮೊಣಕೈಗೆ ಹೊಡೆದೆ. ಮೂಳೆ ಲಟಕ್ಕೆಂದಿತು. ಖುಷಿಯಾಯಿತು. ಇನ್ನೊಂದು ಹೊಡೆದೆ. ಆಗ ಕೂಗಿದ: “ಅವ್ನು ತಿರುಗಿ ನೋಡಿದ್ರೆ ನನ್ ಗುರುತು ಹಿಡೀತಿದ್ದ ಕಣೇ! ಇನ್ನೇನ್ ಮಾಡ್ಬೇಕಿತ್ತು?” ನನ್ನ ಕೂದಲು ಹಿಡಿದು ಮೇಜಿನ ಅಂಚಿಗೆ ಗುದ್ದಿದ. ಹುಬ್ಬಿಗೆ ನಾಲ್ಕು ಹೊಲಿಗೆ. ಮಗಳ ಕೈ ಹಿಡಿದು ಹೊರಗೆ ಓಡಿದೆ.

ಮಂಗಳವಾರ ವಕೀಲರ ಜೊತೆ ಪೊಲೀಸರ ಹತ್ತಿರ ಹೋಗುತ್ತೇನೆ. ಪತ್ರವನ್ನೂ ದಾರವನ್ನೂ ಕೊಡುತ್ತೇನೆ.

ಇನ್ನೊಂದು. ಚಿಕ್ಕವರಿದ್ದಾಗ ಆ ಪೇರಲ ಕದ್ದವಳು ನಾನು. ಶಿವಬಸಪ್ಪನ ಹಣೆಯಿಂದ ರಕ್ತ ಸುರಿಯುವಾಗಲೂ ಬಾಯಿ ಬಿಡಲಿಲ್ಲ. ಯಾರ ಮೇಲೂ ಕೈ ಎತ್ತಬೇಡ. ಕಾಲು ಹಿಡಿಯುತ್ತೇನೆ.

ಅಕ್ಕ


ಮೆಲ್ಬರ್ನ್ ರಿಮ್ಯಾಂಡ್ ಜೈಲು
೧೯ ಜೂನ್ ೨೦೨೪

ಅಕ್ಕಾ,

ನಿನ್ನ ಪತ್ರ ಹದಿಮೂರಕ್ಕೆ ತಲುಪಿತು. ಸೋಮವಾರ ರಜೆಯಿತ್ತಲ್ಲ, ಅಂಚೆ ತಡವಾಯಿತು. ಮನೆಗೆ ಬಂದದ್ದನ್ನು ವಕೀಲರು ತಂದುಕೊಟ್ಟರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಎಂಟನೆಯ ತಾರೀಕು ಶನಿವಾರ ಬೆಳಿಗ್ಗೆ ಅಭಿನವನ ಮನೆಗೆ ಹೋದೆ. ಕಾರು ತೊಳೆಯುತ್ತಿದ್ದ. ನನ್ನನ್ನು ಕಂಡು ನಕ್ಕ, “ಬಾರಲೇ, ಚಾ ಕುಡಿಯೋಣು” ಎಂದ. ನಾನು ಅಂಗಿಯ ತೋಳಿನಲ್ಲಿ ಅಡಗಿಸಿದ್ದ ಸಲಾಕೆ ತೆಗೆದೆ. ಮೊದಲನೆಯದು ಭುಜಕ್ಕೆ. ಬಿದ್ದ. ಬಲಗೈ ಊರಿ ಏಳಲು ನೋಡಿದ, ಆ ಕೈ ಮೇಲೆ ಹೊಡೆದೆ. ಕಾಂಕ್ರೀಟಿನ ಮೇಲೆ ಚಪ್ಪಟೆಯಾದ ಕೈಗೆ ಎಷ್ಟು ಸಲ ಹೊಡೆದೆನೆಂದು ಎಣಿಸಲಿಲ್ಲ. ಸೋಪಿನ ನೊರೆ ಕೆಂಪಾಗಿ ಚರಂಡಿಗೆ ಹರಿಯಿತು. ಅವನು ಬೈಯಲಿಲ್ಲ. ನನಗೆ ಗುರುತು ಸಿಕ್ಕಿಲ್ಲವೆಂದುಕೊಂಡಿರಬೇಕು. “ವಿಜ್ಯಾ, ನಾನಲೇ, ಅಭಿನವ. ನಾನಲೇ” ಎನ್ನುತ್ತಲೇ ಇದ್ದ. ಅವನ ಹೆಂಡತಿ ಜಯಾ ಬಂದು ನನ್ನ ಮೇಲೆ ಬಿದ್ದಳು. ಅವಳನ್ನೂ ತಳ್ಳಿದೆ.

ಅಷ್ಟು ಹೊತ್ತೂ ನನ್ನ ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಆಮೇಲೆ ನೋಡಿದೆ. ಗೊತ್ತಿಲ್ಲದ ನಂಬರ್, ಸಿಡ್ನಿಯದು.

ಎರಡು ಆಪರೇಶನ್ ಆಗಿದೆ. ಮೂರು ಬೆರಳು ತೆಗೆದಿದ್ದಾರೆ.

ಈಗ ನನ್ನ ಪಾಲಿನದು. ಲ್ಯಾಬಿನ ರಿಪೋರ್ಟಿನ ಬಗ್ಗೆ ನಿನಗೆ ಸುಳ್ಳು ಬರೆದೆ. ಔಷಧದ ಅಂಶ ಎರಡರಲ್ಲೂ ಒಂದೇ, ಅದು ನಿಜ. ಆದರೆ ಪರಿಮಳ ಒಂದೇ ಅಲ್ಲ. ಮೆಣಸಿನ ಘಾಟು ಕೊಡುವ ಅಂಶ ನನ್ನ ಸಾಲಿನಲ್ಲಿ ಒಂದೂವರೆ ಪಟ್ಟು ಇತ್ತು. ಒಂದೇ ಸಾಲು, ಒಂದೇ ಬೆಳೆ, ಕಾಕತಾಳೀಯವೂ ಇರಬಹುದು ಎಂದು ಮ್ಯಾನೇಜರ್ ಪ್ರಯೋಗ ಮುಚ್ಚಿದ. ನಾನು ಗೆದ್ದಿದ್ದೆ, ಆದರೆ ಗೆದ್ದ ವಾಸನೆಯನ್ನು ಇನ್ನೆಂದೂ ಮೂಸಲಾರೆ. ಆ ಹೊಟ್ಟೆಕಿಚ್ಚಿಗೆ ವ್ಯತ್ಯಾಸ ಇಲ್ಲವೇ ಇಲ್ಲ ಎಂದು ಬರೆದುಬಿಟ್ಟೆ. ನೀನು ಯಾಕೆ ಕೇಳಿದೆ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ನಿಜ ಬರೆದಿದ್ದರೆ ನೀನು ಮೇ ತಿಂಗಳಲ್ಲೇ ಬಾಯಿ ಬಿಡುತ್ತಿದ್ದೆ. ಕಾರು ಯಾರದೆಂದು ನೀನು ಬರೆದಿದ್ದರೆ ನಾನು ಅಭಿನವನ ಮನೆಗೆ ಹೋಗುತ್ತಿರಲಿಲ್ಲ. ನಿನ್ನನ್ನು ದೂರುವುದಿಲ್ಲ. ಹೊಡೆದದ್ದು ನನ್ನ ಕೈ.

ಈ ಪತ್ರವನ್ನು ಪ್ರಣತಿಗೆ ಓದಿ ಹೇಳು. ಒಂದು ಸಾಲನ್ನೂ ಬಿಡಬೇಡ.

ವಿಜಯ


ಪೆಂಡಲ್ ಹಿಲ್
೩೦ ಜೂನ್ ೨೦೨೪

ವಿಜಯಾ,

ಗುರುದತ್ತನನ್ನು ಹಿಡಿದಿದ್ದಾರೆ. ತೊಡೆಗೆ ಗಾಯವಾದ ಗೆಳೆಯನೂ ಸಿಕ್ಕಿದ್ದಾನೆ, ಎಲ್ಲ ಒಪ್ಪಿಕೊಂಡಿದ್ದಾನಂತೆ. ಕಳ್ಳತನದಲ್ಲಿ ನಿನ್ನ ಕೈವಾಡವಿಲ್ಲವೆಂದು ಪೊಲೀಸರು ಬರೆದುಕೊಟ್ಟರು. ಈಗ ಅದರಿಂದ ಏನು ಬಂತು.

ಜಯಾಗೆ ಫೋನ್ ಮಾಡಿದೆ. ನನ್ನ ಹೆಸರು ಹೇಳಿದೆ. ಅವಳು ಫೋನ್ ಇಡಲಿಲ್ಲ. ನಾನು ಎಲ್ಲ ಹೇಳಿ ಮುಗಿಸುವವರೆಗೆ ಕೇಳಿದಳು. ಆಮೇಲೆ, “ಟಿಫಿನ್ ಡಬ್ಬಿ ತರಾಕ ನಾನ ಕಳ್ಸಿದ್ದೆ ಅವ್ರನ್ನ” ಎಂದು ಇಟ್ಟಳು.

ನಿನ್ನ ಪತ್ರ ಓದಲು ಕುಳಿತವಳು ಎರಡನೆಯ ಸಾಲಿಗೇ ನಿಲ್ಲಿಸಿದೆ. ಪ್ರಣತಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ನಾನು ರವಿವಾರ ರವಿವಾರ ಕಲಿಸಿದ ಅಕ್ಷರ, ಒಂದೊಂದನ್ನೇ ಕೂಡಿಸಿ ಗಟ್ಟಿಯಾಗಿ ಓದಿದಳು. ಮೊದಲ ಪುಟಕ್ಕೆ ಅರ್ಧ ಗಂಟೆ ಬೇಕಾಯಿತು. ‘ಎಣಿಸಲಿಲ್ಲ’ ಎಂಬಲ್ಲಿ ನಿಲ್ಲಿಸಿ ನನ್ನನ್ನು ನೋಡಿದಳು. ಕೇಳಿದ್ದು ಕನ್ನಡದಲ್ಲಿ.

“ಮಾಮಾನೂ ಅಪ್ಪನ ಹಂಗ ಹೊಡದ್ರಾ?”

ಹೌದು ಎಂದೆ.

“ನೀನೂ?”

ಅದಕ್ಕೂ ಹೌದು ಎಂದೆ. ಅವಳು ಬೆರಳಿಟ್ಟ ಜಾಗದಿಂದ ಮತ್ತೆ ಓದತೊಡಗಿದಳು.

ಅಕ್ಕ